ಬೇರಿಕೆ ಸೀಮೆಯ ಕೋಟೆಗಳು: ದವಸ, ನೀರು, ಎತ್ತು

ಬೇರಿಕೆ ಸೀಮೆಯ ಬೆಟ್ಟದ ಕೋಟೆಗಳನ್ನು ಕಾಯುವವರಿಗೂ ಮುತ್ತುವವರಿಗೂ ಮದ್ದುಗುಂಡಿಗಿಂತ ಮೊದಲು ದವಸದ ಚಿಂತೆ ಇರುತ್ತಿತ್ತು. ಹೊಸೂರಿನ ಈಶಾನ್ಯಕ್ಕಿರುವ ಬೇರಿಕೆ, ನೆರೆಯ ಬಾಗಲೂರು, ಶೂಲಗಿರಿಗಳಂತೆ, ಪಾಳೆಯಗಾರರ ನೆಲೆ. ದಕ್ಷಿಣಕ್ಕೆ ರಾಯಕೋಟೆ, ಆಗ್ನೇಯಕ್ಕೆ ಕೃಷ್ಣಗಿರಿ. ಘಟ್ಟದ ಕೆಳಗಿನ ಸೀಮೆಯಾದ ಬಾರಾಮಹಲಿನಿಂದ ಘಟ್ಟ ಹತ್ತಿ ಮೈಸೂರು ಸೀಮೆಗೆ ಬರುವ ದಾರಿ ಈ ಕೋಟೆಗಳ ಕಣ್ಣಳತೆಯಲ್ಲೇ ಸಾಗುತ್ತಿತ್ತು.

ಒಳಗಿದ್ದವರ ಬಲ ರಾಗಿ. ಹುಳು ಬೀಳದ ಈ ಧಾನ್ಯ ನೆಲದೊಳಗಿನ ಹಗೇವುಗಳಲ್ಲಿ ವರ್ಷಗಟ್ಟಲೆ ಕೆಡದೆ ಉಳಿಯುತ್ತದೆ. ಬಂಡೆಯ ದೊಣೆಗಳಲ್ಲಿ ಮಳೆನೀರು ನಿಲ್ಲುತ್ತಿತ್ತು. ಹೊರಗಿನಿಂದ ಬಂದ ದಂಡಿಗೆ ಈ ಎರಡೂ ಇಲ್ಲ. ಅದರ ತೋಪು, ಗುಂಡು, ಅಕ್ಕಿಯೆಲ್ಲ ಎತ್ತುಗಳನ್ನೇ ನಂಬಿದ್ದವು. ಮೈಸೂರಿನ ಅರಸರು ಇದನ್ನು ಚೆನ್ನಾಗಿ ಅರಿತಿದ್ದರು. ಚಿಕ್ಕದೇವರಾಜ ಒಡೆಯರ ‘ಬೆಣ್ಣೆ ಚಾವಡಿ’ ಎಂಬ ದನಗಳ ಇಲಾಖೆಯ ಎತ್ತುಗಳು ಹೈದರಾಲಿಯ ಕಾಲದಲ್ಲಿ ತೋಪು ಎಳೆದವು, ಟಿಪ್ಪು ಆ ಇಲಾಖೆಗೆ ‘ಅಮೃತಮಹಲ್’ ಎಂದು ಹೆಸರಿಟ್ಟ.

ಈ ಪಾಠವನ್ನು, ಟಿಪ್ಪುವಿನ ಮೇಲೆ ದಂಡೆತ್ತಿ ಬಂದ ಈಸ್ಟ್ ಇಂಡಿಯಾ ಕಂಪನಿಯ ಸೇನಾಪತಿ ಕಾರ್ನ್‌ವಾಲಿಸ್ ನಷ್ಟಪಟ್ಟು ಕಲಿತ. 1791ರ ಮಾರ್ಚ್‌ನಲ್ಲಿ ಬೆಂಗಳೂರು ಗೆದ್ದು, ಮೇ ತಿಂಗಳಲ್ಲಿ ಶ್ರೀರಂಗಪಟ್ಟಣದ ಬಾಗಿಲವರೆಗೂ ಹೋದ. ಅರಕೆರೆಯ ಕಾಳಗದಲ್ಲಿ ಗೆದ್ದರೂ ದಾರಿಯುದ್ದಕ್ಕೂ ಮೇವನ್ನು ಟಿಪ್ಪುವಿನ ಸವಾರರು ಸುಟ್ಟಿದ್ದರು. ಎತ್ತುಗಳು ಸಾಲುಸಾಲಾಗಿ ಸತ್ತವು, ಅಕ್ಕಿ ಮುಗಿಯಿತು. ಎಳೆಯುವ ಎತ್ತುಗಳಿಲ್ಲದ ದೊಡ್ಡ ತೋಪುಗಳನ್ನು ತಾನೇ ಒಡೆಸಿ ಹಿಂತಿರುಗಬೇಕಾಯಿತು. ಆ ವರ್ಷದ ಯುದ್ಧದಲ್ಲಿ ಟಿಪ್ಪುವಿಗೆ ದಕ್ಕಿದ ದೊಡ್ಡ ಗೆಲುವು ಇದೇ, ಅದು ಹಸಿವಿನಿಂದ ದಕ್ಕಿದ್ದು.

ಮುಂದಿನ ತಿಂಗಳುಗಳನ್ನು ಕಾರ್ನ್‌ವಾಲಿಸ್ ದಾರಿ ಕಟ್ಟಿಕೊಳ್ಳುವುದಕ್ಕೇ ಮೀಸಲಿಟ್ಟ. ಜುಲೈನಲ್ಲಿ ಹೊಸೂರನ್ನು ಟಿಪ್ಪುವಿನ ದಂಡು ತೆರವು ಮಾಡಿತು. ಕೆಲವೇ ದಿನಗಳಲ್ಲಿ ಮೇಜರ್ ಗೌಡಿಯ ಪಡೆಗೆ ರಾಯಕೋಟೆ ಶರಣಾಯಿತು. ಅದರಿಂದ ಪಾಲಕೋಡಿನ ಘಟ್ಟದ ದಾರಿ ತೆರೆದು ಘಟ್ಟದ ಕೆಳಗಿನ ಕರ್ನಾಟಿಕ್‌ನಿಂದ ಸರಕು ಬರತೊಡಗಿತು. ಹೇರೆತ್ತುಗಳ ದೊಡ್ಡ ಹಿಂಡುಗಳೊಡನೆ ಬಂಜಾರರು ದವಸ ತಂದು ಪಾಳೆಯದ ಬಜಾರಿನಲ್ಲಿ ಮಾರಿದರು. ಕಂಪನಿಯ ಇತಿಹಾಸಗಳಲ್ಲಿ ಸೇನಾಪತಿಗಳಿಗೆ ಸಿಕ್ಕ ಜಾಗದಲ್ಲಿ ಅರ್ಧವಾದರೂ ಈ ಜನರಿಗೆ ಸಿಗಬೇಕಿತ್ತು.

ಕೃಷ್ಣಗಿರಿ ಮಾತ್ರ ಮಣಿಯಲಿಲ್ಲ. ನವೆಂಬರ್‌ನಲ್ಲಿ ಕಂಪನಿಯ ದಳಪತಿ ಮ್ಯಾಕ್ಸ್‌ವೆಲ್ ಪೇಟೆಯನ್ನು ಹಿಡಿದು, ಅದೇ ಬೀಸಿಗೆ ಬೆಟ್ಟ ಹತ್ತಲು ಹೋದ. ಮೇಲಿನವರು ಉರುಳಿಸಿದ ಬಂಡೆಗಳಿಗೆ ಏಣಿಗಳೂ ಆಳುಗಳೂ ನೆಲಕಚ್ಚಿದರು. 1768ರಲ್ಲಿ ಇದೇ ಕೋಟೆಯನ್ನು ಕಂಪನಿ ಪಡೆದದ್ದು ತಿಂಗಳುಗಟ್ಟಲೆ ದಿಗ್ಬಂಧನ ಹಾಕಿ. ಆತುರಕ್ಕೆ ಅದು ಎಂದೂ ಒಲಿದದ್ದಲ್ಲ.

1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಕೃಷ್ಣಗಿರಿ ಸೇರಿ ಬಾರಾಮಹಲ್ ಕಂಪನಿಗೆ ಹೋಯಿತು. ಘಟ್ಟದ ಮೇಲಿನ ಹೊಸೂರು ಸೀಮೆ ಕಂಪನಿಯ ಪಾಲಾದದ್ದು 1799ರಲ್ಲಿ, ಟಿಪ್ಪು ಮಡಿದ ಮೇಲೆ.