ಸೇರಿನಿಂದ ಕಿಲೋಗ್ರಾಮಿಗೆ

ನಿಮ್ಮ ಮನೆಯ ಅಟ್ಟದ ಮೇಲೆ ಹಳೆಯ ಸೇರೊಂದು ಇದ್ದೀತು. ಹೊಸ ಸೊಸೆ ಹೊಸ್ತಿಲ ಮೇಲಿನ ಅಕ್ಕಿಯ ಸೇರನ್ನು ಬಲಗಾಲಿನಿಂದ ಒದ್ದು ಒಳಗೆ ಬರುವ ದಿನ ಮಾತ್ರ ಅದಕ್ಕೆ ಈಗ ಕೆಲಸ. ಒಂದು ಕಾಲಕ್ಕೆ ಸಂಸಾರದ ಲೆಕ್ಕವೆಲ್ಲ ಅದರ ಕಂಠದಲ್ಲಿತ್ತು.

ಸೇರು ಎಂದರೆ ತೂಕವೋ ಅಳತೆಯೋ? ಎರಡೂ ಹೌದು. ತೊಡಕು ಇದ್ದದ್ದೇ ಅಲ್ಲಿ. ಹಳೆಯ ಮೈಸೂರು ಸೀಮೆಯಲ್ಲಿ ಬೆಲ್ಲ, ಹುಣಿಸೆಹಣ್ಣುಗಳನ್ನು ತೂಗುತ್ತಿದ್ದ ಕಚ್ಚಾ ಸೇರು 24 ರೂಪಾಯಿಗಳ ತೂಕ, ಎಂದರೆ ಸುಮಾರು 280 ಗ್ರಾಂ. ಬ್ರಿಟಿಷ್ ಇಂಡಿಯಾದ ಸೇರು 80 ತೊಲ, ಸುಮಾರು 933 ಗ್ರಾಂ. ಎರಡು ಕಡೆಯೂ 40 ಸೇರಿಗೆ ಒಂದು ಮಣವೇ. ಆದರೆ ಒಂದು ಮಣ 11 ಕಿಲೋ ಚಿಲ್ಲರೆ, ಇನ್ನೊಂದು 37 ಕಿಲೋಗೂ ಮೇಲೆ!

ಅಕ್ಕಿ, ರಾಗಿಗಳನ್ನು ಅಳೆಯುತ್ತಿದ್ದ ಪಕ್ಕಾ ಸೇರಿನ ಸಂಗತಿ ಇನ್ನೂ ಸ್ವಾರಸ್ಯವಾದುದು. 1800–01ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಅದನ್ನು ಗೊತ್ತುಮಾಡುತ್ತಿದ್ದ ಕ್ರಮವನ್ನು ಬರೆದಿಟ್ಟಿದ್ದಾನೆ. ಬಳಕೆಯ ಒಂಬತ್ತು ಧಾನ್ಯಗಳನ್ನು ಸಮನಾಗಿ ಬೆರಸಿ, 84 ರೂಪಾಯಿಗಳ ತೂಕದಷ್ಟು ತೆಗೆದರೆ, ಅದು ಹಿಡಿಸುವ ಪಾತ್ರೆಯೇ ಸೇರು. ಏಕೆ ಒಂಬತ್ತು? ಕಾಳು ಕಾಳಿಗೂ ಗಾತ್ರ ಬೇರೆ, ಭಾರ ಬೇರೆ. ಒಂದೇ ಧಾನ್ಯವನ್ನು ನೆಚ್ಚಿದರೆ ಮಿಕ್ಕವಕ್ಕೆ ಅನ್ಯಾಯ. ಎಲ್ಲವನ್ನೂ ಬೆರಸಿದರೆ ಸರಾಸರಿ ದೊರೆಯುತ್ತದೆ. ಹೆಚ್ಚುಕಡಿಮೆ ಅದೇ ಕಾಲದಲ್ಲಿ ಫ್ರಾನ್ಸಿನ ವಿದ್ವಾಂಸರು ಇದೇ ಗಂಟನ್ನು ನೀರಿನಿಂದ ಬಿಡಿಸಿದರು: ಒಂದು ಲೀಟರು ಶುದ್ಧವಾದ ತಣ್ಣೀರಿನ ಭಾರವೇ ಒಂದು ಕಿಲೋಗ್ರಾಂ.

ಆದರೆ ಸೇರು ಎಷ್ಟು ಸರಿಯಾಗಿದ್ದರೇನು, ಅಳೆಯುವ ಕೈ ಸರಿಯಿರಬೇಕಲ್ಲ? ಕುಲುಕಿದರೆ ಹೆಚ್ಚು ಹಿಡಿಯುತ್ತದೆ, ಸಡಿಲವಾಗಿ ಸುರಿದರೆ ಕಡಿಮೆ. ಗೋಪುರವಾಗಿ ತುಂಬುವುದಕ್ಕೂ ಬಾಯಿಮಟ್ಟಕ್ಕೆ ಸವರುವುದಕ್ಕೂ ಹಿಡಿಗಟ್ಟಲೆ ಅಂತರ. ಕೂಲಿಯನ್ನೂ ಸಾಲವನ್ನೂ ರಾಗಿಯಲ್ಲಿ ಅಳೆಯುತ್ತಿದ್ದಾಗ ಆ ಹಿಡಿಯೇ ಬಡವನ ಒಂದು ಹೊತ್ತಿನ ಮುದ್ದೆ.

ಸ್ವತಂತ್ರ ಭಾರತವು ಈ ಗೊಂದಲವನ್ನು ಮೆಟ್ರಿಕ್ ಪದ್ಧತಿಯಿಂದ ತೊಡೆಯಲು ನಿಶ್ಚಯಿಸಿತು. 1956ರಲ್ಲಿ ತೂಕ ಮತ್ತು ಅಳತೆಗಳ ಕಾನೂನು ಬಂದಿತು. 1957ರ ಏಪ್ರಿಲ್ 1ರಂದು ನಯಾಪೈಸೆ ಬಂದಿತು. 1958ರ ಅಕ್ಟೋಬರ್ 1ರಿಂದ ಹಂತಹಂತವಾಗಿ ಹೊಸ ತೂಕದ ಬಟ್ಟುಗಳು ಬಳಕೆಗೆ ಬಂದು, 1962ರ ಏಪ್ರಿಲಿನಿಂದ ದೇಶದಲ್ಲೆಲ್ಲ ಕಡ್ಡಾಯವಾದವು. ಅಂಗಡಿಯಲ್ಲಿ ಧಾನ್ಯವನ್ನು ಅಳೆಯುವುದು ಹೋಗಿ ತೂಗುವುದು ಬಂದಿತು.

ಅಡಿಗೆಮನೆ ಮಾತ್ರ ಅಷ್ಟು ಬೇಗ ಬದಲಾಗಲಿಲ್ಲ. ಅಜ್ಜಿಯ ಪಾಕ ಪಾವಿನಲ್ಲಿದೆ, ಮೊಮ್ಮಗಳ ಕೇಕು ಗ್ರಾಮಿನಲ್ಲಿದೆ. ಇವೆರಡಕ್ಕೂ ಒಂದೇ ಗುಣಾಕಾರ ಸಾಲದು. ಒಂದು ಲೀಟರಿನ ಪಾತ್ರೆಯಲ್ಲಿ ಅಕ್ಕಿ ಸುಮಾರು 800 ಗ್ರಾಂ ಹಿಡಿದರೆ, ಸಡಿಲವಾಗಿ ತುಂಬಿದ ಗೋಧಿಹಿಟ್ಟು 500ಕ್ಕೆ ತುಸು ಮೇಲೆ; ಅದನ್ನೇ ಅದುಮಿದರೆ ಇನ್ನೂ ಹೆಚ್ಚು. ಅನ್ನಕ್ಕೆ ಈ ವ್ಯತ್ಯಾಸ ಲೆಕ್ಕಕ್ಕಿಲ್ಲ. ಕೇಕು ಮಾತ್ರ ಗಟ್ಟಿಯಾದೀತು.

ಆದ್ದರಿಂದ ನಿಮ್ಮ ಮನೆಯ ಪಾವನ್ನು ಒಮ್ಮೆ ಪರೀಕ್ಷಿಸಿ. ಅದರ ತುಂಬ ನೀರು ಹಿಡಿದು ತೂಗಿ, ಪಾತ್ರೆಯ ಭಾರವನ್ನು ಕಳೆಯಿರಿ. ಉಳಿದ ಗ್ರಾಮುಗಳೇ ಅದು ಹಿಡಿಸುವ ಮಿಲಿಲೀಟರುಗಳು. ಆಮೇಲೆ ಅದೇ ಪಾವಿನಿಂದ ಅಕ್ಕಿ, ರವೆ, ಹಿಟ್ಟು, ಸಕ್ಕರೆಗಳನ್ನು ಬಾಯಿಮಟ್ಟಕ್ಕೆ ಅಳೆದು, ಒಂದೊಂದನ್ನೂ ಬೇರೆಬೇರೆಯಾಗಿ ತೂಗಿ, ಚೀಟಿಯಲ್ಲಿ ಬರೆದು ಅಡಿಗೆಮನೆಯ ಗೋಡೆಗೆ ಅಂಟಿಸಿರಿ. ಹಿರಿಯರ ಕೈಯಳತೆ ಮುಂದಿನವರಿಗೆ ಉಳಿಯಲು ಅಷ್ಟು ಸಾಕು.