ಮರಳಿ ಬರುವ ಧ್ವನಿ: ಕಲಬುರಗಿಯ ಪ್ರಸಾರ ಚರಿತ್ರೆಯ ಒಂದು ಅಂಶ

ಕಲಬುರಗಿಯ ಶಹಾಬಜಾರವು ಬಹಮನೀ ಕಾಲದ ಮಸೀದಿಯಿಂದಾಗಿ ಇತಿಹಾಸದ ವಿದ್ಯಾರ್ಥಿಗಳಿಗೆ ಸುಪರಿಚಿತವಾದ ಸ್ಥಳ. ದೊಡ್ಡ ಮಸೀದಿಗಳಲ್ಲಿ ಇಮಾಮರ ಧ್ವನಿಯು ಹಿಂದಿನ ಸಾಲುಗಳಿಗೆ ಕೇಳಿಸದಿದ್ದಾಗ, ಮುಕಬ್ಬಿರರೆಂಬವರು ಅವರ ಘೋಷವನ್ನು ಗಟ್ಟಿಯಾಗಿ ಪುನರುಚ್ಚರಿಸುವ ಪದ್ಧತಿಯು ಇಸ್ಲಾಮೀ ಜಗತ್ತಿನಲ್ಲಿ ಬಹುಕಾಲದಿಂದ ಇದೆ. ಸೂಚನೆಯು ಸಕಾಲದಲ್ಲಿ ಮುಟ್ಟದಿದ್ದರೆ ಹಲವರು ಕೂಡಿ ಮಾಡುವ ಕ್ರಿಯೆಯು ನಡೆಯಲಾರದು. ವಿದ್ಯುತ್ ಪ್ರಸಾರದಲ್ಲಿಯೂ ಇದೇ ಸಮಸ್ಯೆ ಇನ್ನೊಂದು ರೂಪದಲ್ಲಿ ಎದುರಾಗುತ್ತದೆ. ನಿಲಯದಿಂದ ಹೊರಹೋಗುವ ಧ್ವನಿಯನ್ನು ಪ್ರಸಾರದ ಚರಿತ್ರಕಾರರು ವಿಸ್ತಾರವಾಗಿ ವರ್ಣಿಸಿದ್ದಾರೆ. ಮಾತನಾಡುವವನ ಕಿವಿಗೆ ಮರಳಿ ಬರುವ ಧ್ವನಿಯ ಕಡೆಗೆ ಅಷ್ಟು ಗಮನ ಹರಿದಿಲ್ಲ. ಒಂದು ಪ್ರದೇಶದ ಜನರು ಕೇವಲ ಕೇಳುಗರೋ ಅಥವಾ ಸಂಭಾಷಣೆಯಲ್ಲಿ ಪಾಲುಗಾರರೋ ಎಂಬುದನ್ನು ಈ ಮರಳುವ ಮಾರ್ಗವೇ ನಿರ್ಣಯಿಸುತ್ತದೆಂಬುದು ನಮ್ಮ ಅಭಿಪ್ರಾಯ.

ಕನ್ನಡ ನಾಡಿನಲ್ಲಿ ಪ್ರಸಾರವು 1935ರಲ್ಲಿ, ಮೈಸೂರಿನಲ್ಲಿ ಪ್ರೊ. ಎಂ. ವಿ. ಗೋಪಾಲಸ್ವಾಮಿಯವರು 30 ವಾಟ್ ಶಕ್ತಿಯ ಯಂತ್ರದಿಂದ ನಡೆಸಿದ 'ಆಕಾಶವಾಣಿ'ಯಿಂದ ಮೊದಲಾಯಿತು. ಕಲಬುರಗಿಯಲ್ಲಿ ಆಕಾಶವಾಣಿ ನಿಲಯವು 1966ರಲ್ಲಿ ಆರಂಭವಾಯಿತು. ಇಂತಹ ನಿಲಯಗಳಲ್ಲಿ ಮಾತನಾಡುವ ಕೋಣೆ ಬೇರೆ, ನಿಯಂತ್ರಣದ ಕೋಣೆ ಬೇರೆ. ನಡುವೆ ಗಾಜಿನ ಕಿಟಕಿ. ಮೈಕು ತೆರೆದೊಡನೆ ಕೆಂಪು ದೀಪ ಹೊತ್ತುತ್ತದೆ. ಅದೇ ಕ್ಷಣದಲ್ಲಿ ಆ ಕೋಣೆಯ ಧ್ವನಿವರ್ಧಕವು ತಾನಾಗಿ ಮೂಕವಾಗುತ್ತದೆ. ಹಾಗಾಗದಿದ್ದರೆ ಅದರ ಸದ್ದು ಮೈಕನ್ನು ಹೊಕ್ಕು, ಮತ್ತೆ ಮತ್ತೆ ಸುತ್ತಿ, ಕರ್ಕಶವಾದ ಕೂಗಾಗಿ ಬೆಳೆಯುವುದು. ಆದಕಾರಣ ಪ್ರಸಾರ ನಡೆಯುತ್ತಿರುವಾಗ ನಿರ್ಮಾಪಕರ ಸೂಚನೆಗಳು ಕೈಸನ್ನೆಯಿಂದಲೋ, ದೀಪದಿಂದಲೋ, ಕಿವಿಗೆ ಹಾಕಿಕೊಂಡ ಹೆಡ್‌ಫೋನಿನಿಂದಲೋ ಬರಬೇಕು. ಹೊರಹೋಗುವ ಧ್ವನಿ ಮತ್ತು ಮರಳುವ ಧ್ವನಿ, ಇವೆರಡನ್ನೂ ಬೇರೆಬೇರೆ ಮಾರ್ಗಗಳಲ್ಲಿ ಇಡಬೇಕೆಂಬ ಮೂಲತತ್ತ್ವವು ಇಲ್ಲಿಯೇ ವ್ಯಕ್ತವಾಗಿದೆ.

ಅನಂತರದ ಘಟ್ಟ ಉಪಗ್ರಹದ್ದು. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ನಡೆದ 'ಸೈಟ್' ಪ್ರಯೋಗಕ್ಕೆ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳನ್ನು ಆರಿಸಲಾಗಿತ್ತು. ಕರ್ನಾಟಕದಿಂದ ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳು ಇದರಲ್ಲಿ ಸೇರಿದ್ದವು. ಒಂದು ಚಿತ್ರದೊಡನೆ ಎರಡು ಧ್ವನಿಮಾರ್ಗಗಳನ್ನು ಕಳುಹಿಸುವ ಏರ್ಪಾಡು ಈ ಯೋಜನೆಯಲ್ಲಿದ್ದುದರಿಂದ, ಒಂದೇ ಚಿತ್ರಕ್ಕೆ ಎರಡು ಭಾಷೆಗಳ ಮಾತನ್ನು ಜೋಡಿಸುವುದು ಸಾಧ್ಯವಾಯಿತು. ಕನ್ನಡ ಕಾರ್ಯಕ್ರಮಗಳ ನಿರ್ಮಾಣಕೇಂದ್ರವು ಹೈದರಾಬಾದಿನಲ್ಲಿತ್ತು. 1956ರಲ್ಲಿ ಹೈದರಾಬಾದ್ ರಾಜ್ಯದಿಂದ ಬೇರ್ಪಟ್ಟ ಜಿಲ್ಲೆಗೆ, ಅದೇ ನಗರದಲ್ಲಿ ಸಿದ್ಧವಾದ ಕನ್ನಡವು ಆಕಾಶಮಾರ್ಗದಿಂದ ಬಂದಿತು. ಆದರೆ ಹಳ್ಳಿಯಲ್ಲಿದ್ದುದು ಗ್ರಾಹಕಯಂತ್ರ ಮಾತ್ರ. ಕೇಳಿದವರು ಉತ್ತರಿಸುವ ಧ್ವನಿಮಾರ್ಗ ಅದರಲ್ಲಿರಲಿಲ್ಲ. 1977ರಲ್ಲಿ ಕಲಬುರಗಿಯಲ್ಲಿಯೇ ದೂರದರ್ಶನದ ಪ್ರಸಾರಯಂತ್ರ ಸ್ಥಾಪಿತವಾದರೂ, ದೂರದ ಮಾತುಗಾರನನ್ನು ನೇರಪ್ರಸಾರಕ್ಕೆ ಸೇರಿಸಿಕೊಳ್ಳಲು ಬೇರೆ ಸಾಧನಗಳೇ ಬೇಕಾಗಿದ್ದವು.

ಈ ಸಾಧನಗಳ ಕೆಲಸವನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. ಶಹಾಬಜಾರದ ಬೀದಿಯಲ್ಲಿ ನಿಂತ ವರದಿಗಾರನು ಉಪಗ್ರಹದ ಮೂಲಕ ಬೆಂಗಳೂರಿನ ನಿರೂಪಕರೊಡನೆ ಮಾತನಾಡುತ್ತಿದ್ದಾನೆಂದು ಇಟ್ಟುಕೊಳ್ಳೋಣ. ಭೂಸ್ಥಿರ ಉಪಗ್ರಹವು ಸುಮಾರು 35,786 ಕಿ.ಮೀ. ಎತ್ತರದಲ್ಲಿರುವುದರಿಂದ ಧ್ವನಿಯು ಮೇಲೇರಿ ಇಳಿಯಲು ಕಾಲು ಸೆಕೆಂಡು ಬೇಕು. ಪ್ರಸಾರವಾದ ಧ್ವನಿಯನ್ನೇ ಅವನ ಕಿವಿಗೆ ಕೊಟ್ಟರೆ, ತನ್ನ ಮಾತೇ ತನಗೆ ತಡವಾಗಿ ಕೇಳಿಸುತ್ತದೆ. ಹೀಗಾದಾಗ ನಿರರ್ಗಳವಾಗಿ ಮಾತನಾಡುವವನೂ ತೊದಲುವನೆಂಬುದನ್ನು 1950ರ ಸುಮಾರಿನಲ್ಲಿ ಬರ್ನಾರ್ಡ್ ಲೀ ಎಂಬವರು ಪ್ರಯೋಗಗಳಿಂದ ತೋರಿಸಿದರು. ಇದಕ್ಕೆ ಪರಿಹಾರವಾಗಿ, ಎಲ್ಲರ ಧ್ವನಿಯನ್ನೂ ಕೂಡಿಸಿ ಅವನೊಬ್ಬನ ಧ್ವನಿಯನ್ನು ಮಾತ್ರ ಬಿಟ್ಟ ಮಿಶ್ರಣವನ್ನು ಅವನಿಗೆ ಕಳುಹಿಸುತ್ತಾರೆ. ಇದಕ್ಕೆ 'ಮಿಕ್ಸ್-ಮೈನಸ್' ಎಂದು ಹೆಸರು. ನಾಲ್ವರು ದೂರದಿಂದ ಮಾತನಾಡಿದರೆ ನಾಲ್ಕು ಪ್ರತ್ಯೇಕ ಮಿಶ್ರಣಗಳು ಬೇಕು. ಇದರ ಮೇಲೆ 'ಐ.ಎಫ್.ಬಿ.' ಎಂಬ ವ್ಯವಸ್ಥೆಯುಂಟು: ನಿರ್ದೇಶಕರು ಗುಂಡಿಯನ್ನೊತ್ತಿದಾಗ ಕಿವಿಯಲ್ಲಿನ ಕಾರ್ಯಕ್ರಮದ ಧ್ವನಿಯು ತಗ್ಗಿ ಅಥವಾ ನಿಂತು, 'ಮುಗಿಸಿ' ಎಂಬಂತಹ ಸೂಚನೆ ಕೇಳಿಸುತ್ತದೆ, ಕೈ ತೆಗೆದೊಡನೆ ಕಾರ್ಯಕ್ರಮ ಮರಳುತ್ತದೆ. ಶ್ರೋತೃಗಳಿಗೆ ಇದಾವುದೂ ಕೇಳಿಸದು.

ಕಮಲಾಪುರದ ಕೆಂಪುಬಾಳೆಯ ಬೆಳೆಗಾರರೊಬ್ಬರು ಆಕಾಶವಾಣಿಯ ನೇರ ಫೋನ್ ಕಾರ್ಯಕ್ರಮಕ್ಕೆ ಕರೆಮಾಡಿದರೂ ಇದೇ ತತ್ತ್ವವು ಅನ್ವಯಿಸುತ್ತದೆ. ಸಾಮಾನ್ಯ ದೂರವಾಣಿಯ ಒಂದೇ ಜೋಡಿ ತಂತಿಯಲ್ಲಿ ಹೋಗುವ ಮಾತೂ ಬರುವ ಮಾತೂ ಕೂಡಿ ಹರಿಯುವುದರಿಂದ, ನಿಲಯದಲ್ಲಿ 'ಹೈಬ್ರಿಡ್' ಎಂಬ ಸಾಧನದಿಂದ ಅವನ್ನು ಬೇರ್ಪಡಿಸಬೇಕಾಗುತ್ತದೆ. "ನಿಮ್ಮ ರೇಡಿಯೋದ ಸದ್ದು ಕಡಿಮೆ ಮಾಡಿರಿ" ಎಂಬ ನಿರೂಪಕರ ಬಿನ್ನಹವನ್ನು ನಾವೆಲ್ಲರೂ ಕೇಳಿದ್ದೇವೆ. ಅದು ಬರಿಯ ಶಿಷ್ಟಾಚಾರವಲ್ಲ. ಸ್ಟುಡಿಯೋದ ಧ್ವನಿವರ್ಧಕವನ್ನು ಮೂಕಗೊಳಿಸುವ ಕೆಲಸವನ್ನು ಬೆಳೆಗಾರರ ಮನೆಯಲ್ಲಿ ಅವರ ಕೈಯಿಂದಲೇ ಮಾಡಿಸುವ ಉಪಾಯ.

ಮೇಲ್ಕಂಡ ಸಂಗತಿಗಳಿಂದ ಒಂದು ವಿಷಯ ಸ್ಪಷ್ಟವಾಗುತ್ತದೆ. 1975ರಲ್ಲಿ ಈ ಸೀಮೆಯ ಹಳ್ಳಿಗಳಿಗೆ ಧ್ವನಿ ಬಂದಿತು; ಆದರೆ ಅವುಗಳ ಧ್ವನಿಗೆ ಹಿಂದಿರುಗುವ ದಾರಿ ದೊರೆತುದು ಪ್ರಸಾರಯಂತ್ರದ ಶಕ್ತಿ ಹೆಚ್ಚಿದ್ದರಿಂದಲ್ಲ, ಮರಳುವ ಮಾರ್ಗವು ಸರಿಯಾಗಿ ಏರ್ಪಟ್ಟುದರಿಂದ. ಪ್ರಸಾರದ ಚರಿತ್ರೆಯನ್ನು ಬರೆಯುವವರು ವಾಟ್‌ಗಳನ್ನೂ ಉದ್ಘಾಟನೆಯ ದಿನಾಂಕಗಳನ್ನೂ ಎಣಿಸಿದರೆ ಸಾಲದು. ನಿಯಂತ್ರಣ ಕೊಠಡಿಗಳ ದಿನಚರಿ ಪುಸ್ತಕಗಳು, ತಂತಿ ಜೋಡಣೆಯ ನಕ್ಷೆಗಳು, ನಿವೃತ್ತ ಎಂಜಿನಿಯರರ ನೆನಪುಗಳು, ಇವೂ ಚರಿತ್ರೆಯ ಆಕರಗಳೇ. ನಮ್ಮ ವಿದ್ಯಾರ್ಥಿಗಳು ಇವುಗಳ ಸಂಗ್ರಹಕ್ಕೆ ಕೈಹಾಕಿದರೆ, ಈ ಸೀಮೆಯು ಕೇಳಿದುದರ ಜೊತೆಗೆ ಮಾತನಾಡಿದುದರ ಚರಿತ್ರೆಯೂ ನಮಗೆ ದೊರೆಯುವುದು.