ತಾಮ್ರದ ಹಾರ್ಡ್ ಡಿಸ್ಕ್ (ಭಾಗ 4)

ಪಾಸ್‌ವರ್ಡ್ ಇರೋ ಹಾರ್ಡ್ ಡಿಸ್ಕ್ ಕೇಸ್ ತಗೋಬೇಕು ಅಂತಿದ್ದೀರಾ? ನಾನೂ ಹುಡುಕ್ತಿದ್ದೆ, ಅಜ್ಜನ ಜಮೀನಿನ ಕಾಗದಪತ್ರದ ಸ್ಕ್ಯಾನ್ ಇಡೋಕೆ. ಆಗ ನೆನಪಾದದ್ದು ತಾಮ್ರಶಾಸನ.

ಭಟ್ಕಳದ ಬಸದಿಯ ಶಾಸನ ಕಲ್ಲಿನದ್ದು, ಹೊತ್ತುಕೊಂಡು ಹೋಗೋಕಾಗಲ್ಲ. ತಾಮ್ರದ್ದು ಹಾಗಲ್ಲ. ನಮ್ಮದೇ ಜಿಲ್ಲೆಯ ಬನವಾಸಿಯ ಕದಂಬರ ತಾಮ್ರಶಾಸನಗಳು ಖಾನಾಪುರದ ಹಲಸಿಯಲ್ಲಿ ಸಿಕ್ಕಿವೆ. ರಾಜ ಭೂಮಿ ದಾನ ಕೊಟ್ಟರೆ ದಾಖಲೆಯನ್ನ ತಗಡಿನ ಮೇಲೆ ಕೊರೆಸಿ ಪಡೆದವರ ಕೈಗೇ ಕೊಡ್ತಿದ್ದ. ತಗಡುಗಳ ತೂತಿಗೆ ಉಂಗುರ ಪೋಣಿಸಿ, ಅದರ ತುದಿಗಳನ್ನ ರಾಜಮುದ್ರೆಗೆ ಬೆಸೀತಿದ್ರು. ಅಕ್ಷರ ಸವೀಬಾರದು ಅಂತ ಹೊರಗಿನ ಮುಖ ಸಾಮಾನ್ಯವಾಗಿ ಖಾಲಿ, ಎಷ್ಟೋ ತಗಡಿಗೆ ಅಂಚೂ ಎತ್ತರ. ನಡುವಿನ ತಗಡು ಬದಲಾಯಿಸಬೇಕಂದ್ರೆ ಉಂಗುರ ಕತ್ತರಿಸಲೇಬೇಕು. ಪಕ್ಕಾ ಡಿಸೈನ್ ಮಾರಾಯ್ರೆ!

ಹಂಗಂತ ಮೋಸ ನಿಲ್ಲಲಿಲ್ಲ. ಗಂಗರ ಹೆಸರಿನ ಎಷ್ಟೋ ತಾಮ್ರಶಾಸನ ಖೋಟಾ ಅಂತ ಶಾಸನತಜ್ಞ ಜೆ.ಎಫ್. ಫ್ಲೀಟ್ ವಾದಿಸಿದ್ರು. ಅಕ್ಷರದ ರೂಪಕ್ಕೂ ಹೇಳಿಕೊಂಡ ಕಾಲಕ್ಕೂ ತಾಳೆ ಇಲ್ಲ ಅಂತ. ಉಂಗುರ ಎಷ್ಟು ಗಟ್ಟಿ ಇದ್ದರೇನು, ಬರೆದದ್ದೇ ಸುಳ್ಳಾದರೆ?

ಇವತ್ತಿನ ಕೇಸ್‌ನ ಕಷ್ಟ ಬೇರೆ. ಅದು ಡೇಟಾವನ್ನೇ ಎಇಎಸ್ ಅನ್ನೋ ಗೂಢಲಿಪಿಗೆ ತಿರುಗಿಸುತ್ತೆ. ಅಮೆರಿಕ ಸರ್ಕಾರ 2001ರಲ್ಲಿ ಒಪ್ಪಿದ ವಿಧಾನ. ಕದ್ದವನಿಗೆ ಓದೋಕಾಗಲ್ಲ. ಆದರೆ ಕೆಲವು ಕೇಸ್‌ಗಳಲ್ಲಿ ಕೀ ಒಳಗಿನ ಬೋರ್ಡಿಗೇ ಅಂಟಿಕೊಂಡಿರುತ್ತೆ. ಬೋರ್ಡ್ ಹೋದ್ರೆ ಡಿಸ್ಕ್ ಬಿಚ್ಚಿ ಬೇರೆ ಕೇಸಿಗೆ ಹಾಕಿದ್ರೂ ನಿಮಗೇ ಸಿಗಲ್ಲ. ಕೊಳ್ಳೋ ಮೊದಲು ಇದೊಂದು ಕೇಳಿ. ನಮ್ಮ ಮಳೆಗಾಲ ಗೊತ್ತಲ್ಲ, ಯುಎಸ್‌ಬಿ ಪಿನ್ನಿಗೂ ತುಕ್ಕು.

ಹೊನ್ನಾವರದ ಮನೇಲಿ ಈಗ ಕೇಸ್ ಇದೆ. ಇನ್ನೊಂದು ಕಾಪಿ ಕುಮಟಾದ ಅತ್ತೆ ಮನೆ ಕಪಾಟಲ್ಲಿ.